ಚಳಿಗಾಲದಲ್ಲಿ ಲಿಯೋನ್‌ಗೆ ಎರಡೇ ದಿನ ಸಾಲುತ್ತಾ?

ಪ್ರಶ್ನೆ: ನಮಸ್ತೆ ಮೇಡಂ, ನಾನು ಪ್ಯಾರಿಸ್‌ನಲ್ಲಿ ಓದ್ತಾ ಇದೀನಿ. ಡಿಸೆಂಬರ್‌ನಲ್ಲಿ ಜರ್ಮನಿಯಿಂದ ನನ್ನ ಹಳೇ ಫ್ರೆಂಡ್ ಬರ್ತಾಳೆ, ಶನಿವಾರ ಭಾನುವಾರ ಇಬ್ರೂ ಲಿಯೋನ್‌ಗೆ ಹೋಗೋಣ ಅಂತ ಪ್ಲಾನು. ಅವಳಿಗೆ ಅಲ್ಲಿನ ದೀಪದ ಹಬ್ಬ ನೋಡ್ಲೇಬೇಕಂತೆ, ನನಗೆ ಹಳೇ ಊರು ನಿಧಾನವಾಗಿ ಸುತ್ತೋ ಆಸೆ, ಜನಜಂಗುಳಿ ಅಂದ್ರೆ ಆಗಲ್ಲ. ಎರಡು ದಿನ ಸಾಲುತ್ತಾ? ಮಳೆ ಹಿಡ್ಕೊಂಡ್ರೆ ಏನ್ ಮಾಡೋದು?

ಉತ್ತರ: ಎರಡು ದಿನ ಧಾರಾಳವಾಗಿ ಸಾಲುತ್ತೆ, ಆದ್ರೆ ಹಬ್ಬ ಮತ್ತು ಹಳೇ ಊರು ಎರಡೂ ಒಂದೇ ವೀಕೆಂಡಿಗೆ ಬೇಡ, ಒಂದನ್ನ ಆರಿಸ್ಕೊಳ್ಳಿ. ಈ ಹಬ್ಬ ಹುಟ್ಟಿದ್ದು 1852ರಲ್ಲಿ. ಫೂರ್ವಿಯೇರ್ ಗುಡ್ಡದ ಮೇಲೆ ಮೇರಿಯಮ್ಮನ ವಿಗ್ರಹ ಸೆಪ್ಟೆಂಬರ್ 8ಕ್ಕೆ ಅನಾವರಣ ಆಗ್ಬೇಕಿತ್ತು, ಸೋನ್ ನದಿಗೆ ನೆರೆ ಬಂದು ಅದು ಡಿಸೆಂಬರ್ 8ಕ್ಕೆ ಹೋಯ್ತು, ಆ ದಿನವೂ ಗಾಳಿ ಮಳೆ. ಸಂಜೆ ಮಳೆ ನಿಂತಿದ್ದೇ ತಡ ಜನ ಅವರವರ ಕಿಟಕಿಯಲ್ಲಿ ಮೇಣದ ದೀಪ ಹಚ್ಚಿಟ್ರು. ಈಗ್ಲೂ ಹಚ್ತಾರೆ, ಆದ್ರೆ ಜೊತೆಗೆ ದೊಡ್ಡ ದೊಡ್ಡ ಕಟ್ಟಡಗಳ ಮೇಲೆ ಲೈಟ್ ಶೋ, ನಾಲ್ಕು ದಿನ ಲಕ್ಷಾಂತರ ಜನ, ಹೋಟೆಲ್ ರೇಟು ಆಕಾಶಕ್ಕೆ. ಫ್ರೆಂಡ್ ಪಟ್ಟು ಬಿಡದಿದ್ರೆ ಹೋಗಿ, ತಪ್ಪೇನಿಲ್ಲ, ಆದ್ರೆ ನಿಮಗೆ ಕಾಣೋದು ಬೆಳಕು ಮತ್ತು ಮುಂದಿನವರ ಬೆನ್ನು. ನನ್ನ ಕೇಳಿದ್ರೆ ಒಂದು ವಾರ ಬಿಟ್ಟು ಹೋಗಿ ಅಂತೀನಿ.

ಪ್ಯಾರಿಸ್‌ನ ಗಾರ್ ದ ಲಿಯೋನ್ ಸ್ಟೇಷನ್ನಿಂದ ಟಿಜಿವಿ ಅನ್ನೋ ವೇಗದ ರೈಲಲ್ಲಿ ಎರಡು ಗಂಟೆ, ಲಿಯೋನ್‌ನ ಪಾರ್ ದ್ಯೂ ಸ್ಟೇಷನ್ನಲ್ಲಿ ಇಳೀರಿ. ಟಿಕೆಟ್ ಮುಂಚೆನೇ ಮಾಡಿ, ಕೊನೇ ಘಳಿಗೆಗೆ ಬಿಟ್ರೆ ರೇಟು ನೋಡೋಕಾಗಲ್ಲ. ಅಲ್ಲಿಂದ ಮೆಟ್ರೋ ಬಿ ಹಿಡಿದು ಸಾಕ್ಸ್ ಗಾಂಬೆತ್ತಾದಲ್ಲಿ ಡಿ ಲೈನಿಗೆ ಬದಲಾಯಿಸಿದ್ರೆ ಹಳೇ ಊರು, ಅಂದ್ರೆ ವ್ಯೂ ಲಿಯೋನ್.

ಊರಲ್ಲಿ ಎರಡು ನದಿ, ಎರಡು ಗುಡ್ಡ. ಫೂರ್ವಿಯೇರ್ ಪ್ರಾರ್ಥನೆ ಮಾಡೋ ಗುಡ್ಡ, ಕ್ರುವಾ ರೂಸ್ ದುಡಿಯೋ ಗುಡ್ಡ ಅಂತ ಅಲ್ಲಿನ ಜನ ಹೇಳ್ತಾರೆ, ನೀವೂ ದಿನಕ್ಕೊಂದು ಗುಡ್ಡ ಇಟ್ಕೊಳ್ಳಿ. ಎರಡಕ್ಕೂ ಹತ್ತೋದು ಗಾಡೀಲಿ, ಇಳಿಯೋದು ಕಾಲ್ನಡಿಗೇಲಿ! ಫೂರ್ವಿಯೇರ್‌ಗೆ ಹಳೇ ಊರಿಂದಾನೇ ಫ್ಯುನಿಕ್ಯುಲರ್, ಅಂದ್ರೆ ಹಗ್ಗ ಎಳೆದು ಗುಡ್ಡ ಹತ್ತಿಸೋ ರೈಲು ಇದೆ. ಮೇಲಿನ ಬೆಸಿಲಿಕಾ ಚರ್ಚು ನನ್ನ ಕಣ್ಣಿಗೆ ಸ್ವಲ್ಪ ಅತಿ ಅಲಂಕಾರ, ಹತ್ತು ನಿಮಿಷ ಸಾಕು. ಪಕ್ಕದಲ್ಲೇ ಕ್ರಿ.ಪೂ. 15ರ ಸುಮಾರಿಗೆ ಶುರುವಾದ ರೋಮನ್ನರ ಬಯಲು ರಂಗಮಂದಿರ ಇದೆ, ಹೋಗೋಕೆ ದುಡ್ಡಿಲ್ಲ, ಕಲ್ಲಿನ ಮೆಟ್ಟಿಲ ಮೇಲೆ ಕೂತ್ರೆ ಇಡೀ ಊರು ಕಾಣುತ್ತೆ. ಕಲ್ಲು ಮಾತ್ರ ಐಸ್ ಥರ ಕೊರೆಯುತ್ತೆ, ಕೂರೋಕೆ ಏನಾದ್ರೂ ದಪ್ಪ ಬಟ್ಟೆ ಇಟ್ಕೊಂಡಿರಿ.

ಇನ್ನು ಮಳೆ. ಮಳೆ ಬಂದ್ರೆ ಈ ಊರಲ್ಲಿ ಸುತ್ತೋಕೆ ದಾರಿ ಇದೆ, ಅದೇ ಟ್ರಾಬೂಲ್. ಬೀದಿ ಕಡೆಯಿಂದ ನೋಡಿದ್ರೆ ಅದು ಬರೀ ಒಂದು ಮನೆ ಬಾಗಿಲು, ತಳ್ಳಿದ್ರೆ ಒಳಗೆ ಇಬ್ಬರು ಜೊತೆಯಾಗಿ ನಡೆಯೋಕೂ ಕಷ್ಟ ಆಗೋ ಕತ್ತಲೆ ಸಂದಿ, ಗೋಡೇಲಿ ಅಂಚೆ ಡಬ್ಬಿಗಳ ಸಾಲು, ಆಮೇಲೆ ತಲೆ ಮೇಲೆ ಚೌಕಾಕಾರದ ಆಕಾಶ ಕಾಣೋ ಅಂಗಳ, ಗುಲಾಬಿ ಇಲ್ಲಾ ಕಾವಿ ಬಣ್ಣದ ಗೋಡೆ, ಒಂದು ಸುರುಳಿ ಮೆಟ್ಟಿಲು, ಮತ್ತೆ ಇನ್ನೊಂದು ಸಂದಿ, ಹೊರಗೆ ಬಂದಾಗ ನೀವು ಬೇರೇನೇ ಬೀದೀಲಿ ಇರ್ತೀರಿ. ರ‍್ಯೂ ಸಾಂ ಜಾಂ 54ನೇ ನಂಬರಿಂದ ರ‍್ಯೂ ದ್ಯು ಬಫ್ 27ರವರೆಗೆ ಹೋಗೋದು ಹಳೇ ಊರಲ್ಲೇ ಅತಿ ಉದ್ದದ್ದು. ಒಳಗೆ ಜನ ವಾಸ ಇದಾರೆ, ಅದಕ್ಕೆ ಮಾತು ಮೆಲ್ಲಗೆ ಇರ್ಲಿ, ಬೀಗ ಹಾಕಿದ್ರೆ ಸುಮ್ನೆ ಮುಂದೆ ಹೋಗಿ. ಕತ್ತಲಾದ್ಮೇಲೆ ಇದನ್ನ ಇಟ್ಕೋಬೇಡಿ, ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೇ ಸೂರ್ಯ ಮುಳುಗಿರ್ತಾನೆ.

ಭಾನುವಾರ ಕ್ರುವಾ ರೂಸ್. ಮೆಟ್ರೋ ಸಿ ಲೈನು ಹಲ್ಲಿನ ಹಳಿ ಮೇಲೆ ಗುಡ್ಡ ಹತ್ತುತ್ತೆ. ಇದು ರೇಷ್ಮೆ ನೇಕಾರರ ಕೇರಿ, ಅವರನ್ನ ಕಾನ್ಯೂ ಅಂತಾರೆ. ನೇಯ್ಗೇಲೇ ಚಿತ್ತಾರ ಮೂಡಿಸೋ ಜಕಾರ್ಡ್ ಮಗ್ಗ ಮಾಡಿದ ಜಕಾರ್ಡ್ ಇದೇ ಊರಿನವನು. ಅವನ ಮಗ್ಗ ಎಷ್ಟು ಎತ್ತರ ಅಂದ್ರೆ ಇಲ್ಲಿನ ಮನೆಗಳ ಚಾವಣಿನೇ ನಾಲ್ಕು ಮೀಟರ್ ಹತ್ತಿರ ಕಟ್ಟಿದ್ರು, ಕಿಟಕಿಗಳೂ ಅಷ್ಟೇ ಉದ್ದ, ಮನೆಯವರು ಮಲಗ್ತಿದ್ದಿದ್ದು ಮೂಲೇಲಿ ಕಟ್ಟಿದ ಅಟ್ಟದ ಮೇಲೆ. 1831ರಲ್ಲಿ ಕೂಲಿ ದರಕ್ಕಾಗಿ ಇವ್ರು ದಂಗೆ ಎದ್ದು ಊರನ್ನೇ ಕೈಗೆ ತಗೊಂಡಿದ್ರು. ಮೇಜೋಂ ದೇ ಕಾನ್ಯೂ ಅನ್ನೋ ನೇಕಾರರ ಮ್ಯೂಸಿಯಂನಲ್ಲಿ ಮಗ್ಗ ನಡೆಸಿ ತೋರಿಸ್ತಾರೆ, ಆದ್ರೆ ಭಾನುವಾರ ತೆಗೆದಿರುತ್ತಾ ಅಂತ ಮೊದ್ಲೇ ನೋಡ್ಕೊಳ್ಳಿ, ಇಲ್ಲಾಂದ್ರೆ ಗುಡ್ಡಗಳನ್ನ ಅದಲು ಬದಲು ಮಾಡಿ. ಇಳಿಯುವಾಗ ಕೂರ್ ದೇ ವೊರಾಸ್ ಅನ್ನೋ ಅಂಗಳದ ಆರು ಅಂತಸ್ತಿನ ಕಲ್ಲು ಮೆಟ್ಟಿಲು ಬಿಡ್ಬೇಡಿ.

ಪ್ರಶ್ನೆ: ನಾನೂ ನನ್ನ ಗೆಳೆಯನೂ ಜನವರಿಲಿ ಲಿಯೋನ್‌ಗೆ ಹೋಗ್ತಿದೀವಿ, ಅವನು ಪಕ್ಕಾ ವೆಜ್. ಊಟದ ಊರು ಅಂತಾರಲ್ಲ, ಅವನಿಗೆ ಏನಾದ್ರೂ ಸಿಗುತ್ತಾ ಇಲ್ಲಾ ಬ್ರೆಡ್ಡು ಬಾಳೆಹಣ್ಣೇ ಗತಿನಾ?

ಉತ್ತರ: ಬುಶೋಂ ಅನ್ನೋ ಅಲ್ಲಿನ ಸಾಂಪ್ರದಾಯಿಕ ಊಟದ ಮನೆಗಳಲ್ಲಿ ಹಂದಿ, ಕರುಳು, ಜಠರ ಇವೇ ಮೆನು, ಅವನನ್ನ ಸುಮ್ನೆ ಒಳಗೆ ಕರ್ಕೊಂಡ್ ಹೋಗ್ಬೇಡಿ, ಬಾಗಿಲಲ್ಲಿ ಹಾಕಿರೋ ಮೆನು ಓದಿ ಹೋಗಿ. ಸೆರ್ವೆಲ್ ದ ಕಾನ್ಯೂ ಅಂತ ಒಂದಿರುತ್ತೆ, ತಾಜಾ ಚೀಸ್‌ಗೆ ಬೆಳ್ಳುಳ್ಳಿ, ಈರುಳ್ಳಿ ಜಾತಿಯ ಎಲೆ, ವಿನೆಗರ್ ಕಲಸಿರ್ತಾರೆ, ಬ್ರೆಡ್ ಜೊತೆ ಚೆನ್ನಾಗಿರುತ್ತೆ. ಆಲೂಗಡ್ಡೆ ಕೆನೆ ಹಾಕಿ ಬೇಯಿಸಿದ ಗ್ರಾತಾಂ ದೋಫಿನ್ವಾ ಕೂಡ ಕೇಳಿ. ಕ್ವೆನೆಲ್ ಅನ್ನೋ ಬೇಯಿಸಿದ ಉದ್ದುಂಡೆಯಲ್ಲಿ ಸಾಮಾನ್ಯವಾಗಿ ಮೀನಿರುತ್ತೆ, ಲಿಯೋನ್ ಸಲಾಡ್‌ನಲ್ಲಿ ಹಂದಿ ತುಂಡು. ಇನ್ನೊಂದು, ಫ್ರಾನ್ಸಿನ ಎಷ್ಟೋ ಚೀಸ್‌ಗೆ ಹಾಲು ಒಡೆಸೋದು ಕರುವಿನ ಹೊಟ್ಟೆಯ ರೆನೆಟ್‌ನಿಂದ, ಅವನು ಅಷ್ಟು ಪಕ್ಕಾ ಆಗಿದ್ರೆ ಕೇಳಿಯೇ ತಿನ್ಲಿ. ಏನೂ ಬೇಡ ಅನ್ನಿಸಿದ್ರೆ ರೋನ್ ನದಿ ಆಚೆ ಗಿಯೋತಿಯೇರ್ ಏರಿಯಾಗೆ ಹೋಗಿ, ಅರಬ್, ಏಷ್ಯನ್ ಅಂಗಡಿಗಳ ಸಾಲು, ಫಲಾಫೆಲ್, ಅಂದ್ರೆ ಕಡಲೆಕಾಳಿನ ವಡೆ, ಹೊಟ್ಟೆ ತುಂಬ ತಿನ್ನಬಹುದು. ಗುಲಾಬಿ ಬಣ್ಣದ ಬಾದಾಮಿ ಪ್ರಲೀನ್ ಟಾರ್ಟ್ ಬೇಕರಿಗಳಲ್ಲೆಲ್ಲ ಇರುತ್ತೆ, ಭಯಂಕರ ಸಿಹಿ, ಇಬ್ಬರಿಗೆ ಒಂದು ತುಂಡು ಸಾಕು. ನಿಮಗೆ ಬುಶೋಂ ಊಟ ಬೇಕಿದ್ರೆ ಶನಿವಾರ ರಾತ್ರಿಗೇ ಟೇಬಲ್ ಬುಕ್ ಮಾಡಿ, ಭಾನುವಾರ ಬಹಳಷ್ಟು ಕಡೆ ಬಾಗಿಲು ಹಾಕಿರ್ತಾರೆ.