ಹೊಸ ಬೆಲ್ಟ್ ಹಾಕಿಸಿದರೂ ಕಾರಿನ ಇಂಜಿನ್ ಯಾಕೆ ಕಿರುಚುತ್ತದೆ?

ನೀವು ಹೇಳಿದ್ದು ಇಷ್ಟು. ಒಂಬತ್ತು ವರ್ಷದ ಕಾರು. ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ ಒಳಗಿಂದ ಕೀಂಯ್ ಅಂತ ಸದ್ದು, ಏಸಿ ಹಾಕಿದರೆ ಇನ್ನೂ ಜೋರು. ಗ್ಯಾರೇಜಿನಲ್ಲಿ ಬೆಲ್ಟ್ ಬದಲಿಸಿದರು, ಹದಿನೈದು ದಿನ ತೆಪ್ಪಗಿತ್ತು, ಈಗ ಮತ್ತೆ ಶುರು. ಇನ್ನೊಂದು ಬೆಲ್ಟ್ ಹಾಕಿಸಲಾ ಅಂತ ಕೇಳಿದ್ದೀರಿ.

ಬೇಡ. ನಾನು ಮೆಕ್ಯಾನಿಕ್ ಅಲ್ಲ. ಆದರೆ ಇದೇ ತಪ್ಪನ್ನು ಎರಡು ಸಲ ಮಾಡಿ, ಆಮೇಲೆ ಶಿರಾಡಿ ಘಾಟಿಯ ಮಳೆಯಲ್ಲಿ ನಿಂತವನು. ಗುಂಡ್ಯ ದಾಟಿ ಸಕಲೇಶಪುರದ ಕಡೆ ಹತ್ತುತ್ತಿದ್ದೆ. ಮೊದಲು ಬ್ಯಾಟರಿಯ ಕೆಂಪು ದೀಪ ಹತ್ತಿಕೊಂಡಿತು. ಮರುಕ್ಷಣ ಸ್ಟೀರಿಂಗ್ ಕಲ್ಲಿನಂತಾಯಿತು. ಗಾಡಿ ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಮೇಲೇರತೊಡಗಿತು. ಮೂರೂ ಬೇರೆ ಬೇರೆ ಕಾಯಿಲೆ ಅಂದುಕೊಂಡಿದ್ದೆ. ಬಾನೆಟ್ ಎತ್ತಿದರೆ ಬೆಲ್ಟೇ ಇಲ್ಲ! ನನ್ನ ಕಾರಿನಲ್ಲಿ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್, ಸ್ಟೀರಿಂಗ್ ಹಗುರ ಮಾಡುವ ಪವರ್ ಸ್ಟೀರಿಂಗ್ ಪಂಪ್, ಇಂಜಿನ್ ತಣ್ಣಗಿಡುವ ವಾಟರ್ ಪಂಪ್ ಮೂರನ್ನೂ ತಿರುಗಿಸುತ್ತಿದ್ದದ್ದು ಅದೊಂದೇ. ನಿಮಗೂ ಹೀಗಾದರೆ "ಇನ್ನೊಂದು ಕಿಲೋಮೀಟರ್ ಹೋಗೋಣ" ಅನ್ನಬೇಡಿ, ಇಂಜಿನ್ ಆಫ್ ಮಾಡಿ. ವಾಟರ್ ಪಂಪ್ ನಿಂತ ಮೇಲೆ ಗಾಡಿ ಓಡಿಸಿದರೆ ಬಿಸಿಗೆ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗ ಕೂಡುವಲ್ಲಿನ ಸೀಲು) ಹೋಗಿ, ಅದಕ್ಕೆ ದುಡ್ಡು ಎಣಿಸಬೇಕಾಗುತ್ತದೆ.

ಆ ಬೆಲ್ಟ್ ಹಾಕಿಸಿ ನಾಲ್ಕು ತಿಂಗಳೂ ಆಗಿರಲಿಲ್ಲ. ಕೆಳಗೆ ಸಿಕ್ಕಿದ ತುಂಡಿನ ಒಂದು ಅಂಚು ಮಾತ್ರ ಹಳೇ ಗೋಣಿಚೀಲದ ಹಾಗೆ ನೂಲು ಬಿಟ್ಟಿತ್ತು. ತಪ್ಪು ಬೆಲ್ಟಿನದಲ್ಲ, ಐಡ್ಲರ್ ಪುಲ್ಲಿಯದು. ಅಂಗೈಯಗಲದ ಪ್ಲಾಸ್ಟಿಕ್ ಚಕ್ರ ಅದು, ಬೆಲ್ಟಿಗೆ ದಾರಿ ತೋರಿಸುವುದಷ್ಟೇ ಕೆಲಸ. ಒಳಗಿನ ಬೇರಿಂಗ್ ಸವೆದು ಚಕ್ರ ಕೂದಲೆಳೆಯಷ್ಟು ವಾಲಿತ್ತು. ಬೆಲ್ಟ್ ಓರೆಯಾಗಿ ಓಡಿ ಅಂಚು ತಿನ್ನಿಸಿಕೊಂಡಿತ್ತು. ಎರಡು ಸಲ ಬೆಲ್ಟ್ ಬಿಚ್ಚಿದವರು ಒಂದು ಸಲವಾದರೂ ಆ ಚಕ್ರವನ್ನು ಕೈಯಲ್ಲಿ ತಿರುಗಿಸಿ ನೋಡಿದ್ದರೆ ಸಾಕಿತ್ತು.

ಈಗ ನಿಮ್ಮ ವಿಷಯ. ಮೊದಲು ಸದ್ದು ಯಾವ ಥರದ್ದು ಅಂತ ಗುರುತು ಹಿಡಿಯಿರಿ. ನನ್ನದು ಗುಬ್ಬಿ ಕೂಗಿದ ಹಾಗೆ ಚಿಂವ್ ಚಿಂವ್ ಅನ್ನುತ್ತಿತ್ತು, ಇಂಜಿನ್ ಸ್ಪೀಡಿಗೆ ತಕ್ಕ ಹಾಗೆ ಬೇಗ ಬೇಗ. ಅದು ಸಾಮಾನ್ಯವಾಗಿ ಪುಲ್ಲಿಗಳು, ಅಂದರೆ ಬೆಲ್ಟ್ ಓಡುವ ಚಕ್ರಗಳು, ಒಂದೇ ನೇರದಲ್ಲಿ ಇಲ್ಲದ್ದರ ಗುರುತು. ನಿಮ್ಮದು ಉದ್ದನೆಯ ಕೀಂಯ್. ಅಂದರೆ ಬೆಲ್ಟ್ ಜಾರುತ್ತಿದೆ. ಸ್ಟಾರ್ಟ್ ಆದ ಕೂಡಲೇ ಬ್ಯಾಟರಿ ತುಂಬಿಸಲು ಆಲ್ಟರ್ನೇಟರ್ ಮೇಲೆ ಭಾರ ಜಾಸ್ತಿ, ಏಸಿ ಹಾಕಿದರೆ ಕಂಪ್ರೆಸರ್ ಭಾರ ಬೇರೆ. ಆಗಲೇ ಕಿರುಚುತ್ತದೆ ಅಂದರೆ ಬಿಗಿ ಸಾಲುತ್ತಿಲ್ಲ, ಇಲ್ಲವೇ ಬೆಲ್ಟಿಗೆ ಎಣ್ಣೆಯೋ ಕೂಲೆಂಟೋ (ಇಂಜಿನ್ ತಂಪು ಮಾಡುವ ದ್ರವ) ತಾಗಿದೆ.

ಗೊತ್ತಾಗದಿದ್ದರೆ ಒಂದು ಸುಲಭದ ಪರೀಕ್ಷೆ ಇದೆ. ಇಂಜಿನ್ ಐಡಲ್‌ನಲ್ಲಿ, ಅಂದರೆ ಗಾಡಿ ನಿಂತು ಆಕ್ಸಿಲರೇಟರ್ ಒತ್ತದೆ ಓಡುತ್ತಾ ಇರುವಾಗ, ಸ್ಪ್ರೇ ಬಾಟಲಿಯಿಂದ ಬೆಲ್ಟಿನ ಗೆರೆ ಇರುವ ಬದಿಗೆ ಸ್ವಲ್ಪ ನೀರು ಚಿಮುಕಿಸಿ. ಸದ್ದು ನಿಂತು ಮತ್ತೆ ಬಂದರೆ ಪುಲ್ಲಿ ನೇರ ತಪ್ಪಿದೆ. ಸದ್ದು ಇನ್ನೂ ಜೋರಾದರೆ ಬಿಗಿಯ ತೊಂದರೆ. ಕೈ ದೂರ ಇರಲಿ. ಪಂಚೆ, ದುಪಟ್ಟಾ, ಶಾಲು ಹಾಕಿಕೊಂಡು ಈ ಕೆಲಸಕ್ಕೆ ಹೋಗಲೇಬೇಡಿ.

ಬೆಲ್ಟಿಗೆ ಸೋಪು ಉಜ್ಜು, ಪೌಡರ್ ಹಾಕು ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಎರಡು ದಿನ ಸದ್ದು ಅಡಗುತ್ತದೆ, ಆಮೇಲೆ ಅದೇ ಧೂಳು ಹಿಡಿದು ಗೆರೆಗಳಲ್ಲಿ ಮೆತ್ತಿಕೊಳ್ಳುತ್ತದೆ.

ನನ್ನ ಅನುಮಾನ ನಿಮ್ಮ ಟೆನ್ಷನರ್ ಮೇಲೆ, ಅಂದರೆ ಬೆಲ್ಟನ್ನು ಒತ್ತಿ ಬಿಗಿಯಾಗಿ ಇಡುವ ತೋಳಿನ ಮೇಲೆ. ಅದರೊಳಗಿನ ಸ್ಪ್ರಿಂಗ್ ವರ್ಷಗಳ ಮೇಲೆ ಸೋಲುತ್ತದೆ. ಹೊಸ ಬೆಲ್ಟ್ ಶುರುವಿಗೆ ಚೆನ್ನಾಗಿ ಹಿಡಿದುಕೊಳ್ಳುತ್ತದೆ, ಸ್ವಲ್ಪ ಪಳಗಿದ ಮೇಲೆ ಜಾರತೊಡಗುತ್ತದೆ. ಹದಿನೈದು ದಿನದ ಲೆಕ್ಕ ಇದಕ್ಕೆ ಸರಿಹೊಂದುತ್ತದೆ. ಇಂಜಿನ್ ಓಡುವಾಗ ಟೆನ್ಷನರ್ ತೋಳು ಸಣ್ಣಗೆ ನಡುಗುವುದು ಸಹಜ, ಕುಣಿಯುವುದು ಸಹಜವಲ್ಲ. ಕೆಲವು ಕಾರುಗಳಲ್ಲಿ ಸ್ಪ್ರಿಂಗ್ ಟೆನ್ಷನರ್ ಇರುವುದಿಲ್ಲ, ಆಲ್ಟರ್ನೇಟರನ್ನೇ ಎಳೆದು ಬೋಲ್ಟ್ ಬಿಗಿಮಾಡುವುದು. ಅಂಥದ್ದಾದರೆ ಹೊಸ ಬೆಲ್ಟ್ ಸ್ವಲ್ಪ ಓಡಿದ ಮೇಲೆ ಇನ್ನೊಮ್ಮೆ ಬಿಗಿಮಾಡಬೇಕು. ಹಾಗಂತ ಸಿಕ್ಕಾಪಟ್ಟೆ ಎಳೆದರೆ ಆಲ್ಟರ್ನೇಟರ್, ವಾಟರ್ ಪಂಪ್ ಬೇರಿಂಗ್ ಹೋಗುತ್ತವೆ. ಎಷ್ಟು ಬಿಗಿ ಅನ್ನುವುದು ಮ್ಯಾನುವಲ್‌ನಲ್ಲಿ ಇರುತ್ತದೆ.

ಗ್ಯಾರೇಜಿಗೆ ಹೋದಾಗ ಪಕ್ಕದಲ್ಲೇ ನಿಂತುಕೊಳ್ಳಿ. ಬಿಚ್ಚುವ ಮೊದಲು ಬೆಲ್ಟ್ ಸುತ್ತಿದ ದಾರಿಯನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ತಪ್ಪು ದಾರಿಯಲ್ಲಿ ಸುತ್ತಿದರೆ ವಾಟರ್ ಪಂಪ್ ಉಲ್ಟಾ ತಿರುಗುವುದೂ ಉಂಟು. ಬೆಲ್ಟ್ ತೆಗೆದ ಮೇಲೆ ಪ್ರತಿಯೊಂದು ಪುಲ್ಲಿಯನ್ನೂ ನೀವೇ ಬೆರಳಲ್ಲಿ ತಿರುಗಿಸಿ, ಹಿಂದೆ ಮುಂದೆ ಅಲ್ಲಾಡಿಸಿ. ಒಳ್ಳೆಯ ಐಡ್ಲರ್ ಸದ್ದಿಲ್ಲದೆ, ತುಸು ಭಾರವಾಗಿ ತಿರುಗಿ ನಿಲ್ಲುತ್ತದೆ. ಸೈಕಲ್ ಚಕ್ರದ ಹಾಗೆ ಗಿರ್ರನೆ ತಿರುಗುತ್ತಲೇ ಇದ್ದರೆ ಒಳಗಿನ ಗ್ರೀಸ್ ಒಣಗಿದೆ. ಮರಳು ಅರೆದಂತೆ ಅನ್ನಿಸಿದರೆ ಅದರ ಕಥೆ ಮುಗಿಯಿತು. ವಾಟರ್ ಪಂಪಿನ ಕೆಳಗೆ ಬಣ್ಣದ ಕಲೆ ಕಂಡರೆ ಕೂಲೆಂಟ್ ಸೋರಿದೆ. ಅದನ್ನು ಸರಿಮಾಡದೆ ಬೆಲ್ಟ್ ಹಾಕುವುದು ದಂಡ.

ಇಂಜಿನ್ ತಿರುಗಿಸುವ, ಬೆಲ್ಟನ್ನು ಓಡಿಸುವ ಕ್ರ್ಯಾಂಕ್ ಪುಲ್ಲಿಯನ್ನು ಹೆಚ್ಚಿನವರು ನೋಡುವುದೇ ಇಲ್ಲ. ಬಹಳಷ್ಟು ಕಾರುಗಳಲ್ಲಿ ಅದು ಒಂದೇ ತುಂಡಲ್ಲ. ಒಳಗಿನ ಗುಂಬಕ್ಕೂ ಹೊರಗಿನ ಬಳೆಗೂ ನಡುವೆ ರಬ್ಬರ್ ಇರುತ್ತದೆ. ಆ ರಬ್ಬರ್ ಬಿಟ್ಟುಕೊಂಡರೆ ಬಳೆ ಜಾರುತ್ತದೆ, ಬೈಗುಳ ಬೆಲ್ಟಿಗೆ. ಒಳಗಿನಿಂದ ಹೊರಗಿನವರೆಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ವಾರ ಓಡಿಸಿ ನೋಡಿ. ಗೆರೆ ಎರಡು ತುಂಡಾಗಿ ಬೇರೆ ಬೇರೆ ಕಡೆ ಹೋಗಿದ್ದರೆ ಕಳ್ಳ ಸಿಕ್ಕ.

ಬಿರುಕಿಲ್ಲ, ಹಾಗಾಗಿ ಬೆಲ್ಟ್ ಚೆನ್ನಾಗಿದೆ ಅನ್ನುವುದು ಹಳೇ ಕಾಲದ ಮಾತು. ಈಗಿನ ಬೆಲ್ಟುಗಳ ಇಪಿಡಿಎಂ ಎಂಬ ಕೃತಕ ರಬ್ಬರ್ ಬೇಗ ಬಿರುಕು ಬಿಡುವುದಿಲ್ಲ, ಟೈರಿನ ಹಾಗೆ ಸವೆಯುತ್ತದೆ. ಹಾಕಿದ ಬೆಲ್ಟ್ ಸರಿಯಾದದ್ದೇ ಅಂತಲೂ ನೋಡಿ. ಬೆನ್ನಿನ ಮೇಲೆ 6ಪಿಕೆ1200 ಅನ್ನುವ ಥರದ ನಂಬರ್ ಇರುತ್ತದೆ. ಅಂದರೆ ಒಳಬದಿಯಲ್ಲಿ ಆರು ಉದ್ದುದ್ದ ಏಣು, 1200 ಮಿಲಿಮೀಟರ್ ಉದ್ದ. ಏಸಿ ಇರುವ, ಇಲ್ಲದ ಮಾಡೆಲ್‌ಗಳಿಗೆ ಉದ್ದ ಬೇರೆ ಇರಬಹುದು. ಅಂಗಡಿಯವನು "ನಡೆಯುತ್ತೆ ಸಾರ್" ಅಂದರೆ ಒಪ್ಪಬೇಡಿ.

ಇದಿಷ್ಟೂ ಹೊರಗಿನ ಬೆಲ್ಟಿನ ಮಾತು. ಇಂಜಿನ್ನಿನ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟ್ ಬೇರೆ. ಅದು ಕವರಿನೊಳಗೆ ಇರುತ್ತದೆ, ಮ್ಯಾನುವಲ್ ಹೇಳಿದ ಕಿಲೋಮೀಟರಿಗೆ ಸದ್ದು ಬರಲಿ ಬಿಡಲಿ ಬದಲಿಸಬೇಕು.

ನೀರು ಚಿಮುಕಿಸಿದಾಗ ಸದ್ದು ನಿಂತಿತಾ, ಜೋರಾಯಿತಾ? ಅದನ್ನೂ ಬೆಲ್ಟಿನ ನಂಬರನ್ನೂ ಕೆಳಗೆ ಬರೆಯಿರಿ, ಮುಂದೇನು ಅಂತ ನೋಡೋಣ.