ಊದಿದರೆ ದೀಪ ಆರುತ್ತದೆ, ಒಲೆ ಮಾತ್ರ ಹತ್ತಿಕೊಳ್ಳುತ್ತದೆ, ಯಾಕೆ?

ಪ್ರಶ್ನೆ: ದೀಪ ಊದಿದರೆ ಆರುತ್ತದೆ. ಅದೇ ಉಸಿರನ್ನು ಊದುಗೊಳವೆಯಲ್ಲಿ ಒಲೆಗೆ ಊದಿದರೆ ಬೆಂಕಿ ಹತ್ತುತ್ತದೆ. ಎರಡೂ ಬೆಂಕಿಯೇ ಅಲ್ವಾ?
(ತಿಪಟೂರಿನ ಓದುಗರು)

ಉತ್ತರ: ಬೆಂಕಿಯೇ, ಆದರೆ ಉರಿಯುವ ವಸ್ತು ಬೇರೆ ಬೇರೆ. ದೀಪದಲ್ಲಿ ಎಣ್ಣೆ ಉರಿಯುತ್ತಿದೆ ಅಂದುಕೊಳ್ಳುತ್ತೇವೆ. ಉರಿಯುವುದು ಎಣ್ಣೆಯ ಆವಿ. ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ, ಉರಿಯ ಬಿಸಿಗೆ ಅದು ಆವಿಯಾಗುತ್ತದೆ, ಆ ಆವಿ ಗಾಳಿಯ ಆಮ್ಲಜನಕದ ಜೊತೆ ಸೇರಿ ಉರಿಯುತ್ತದೆ, ಆ ಬಿಸಿಯೇ ಮತ್ತಷ್ಟು ಎಣ್ಣೆಯನ್ನು ಆವಿ ಮಾಡುತ್ತದೆ. ನೀವು ಊದಿದಾಗ ಬಿಸಿ ಆವಿ ಬತ್ತಿಯಿಂದ ದೂರ ಹೋಗುತ್ತದೆ. ಅಲ್ಲಿಗೆ ಈ ಸರಪಳಿ ಕಡಿಯಿತು.

ಮನೆಯಲ್ಲೇ ನೋಡಬಹುದು. ಮೇಣದಬತ್ತಿ ಆರಿಸಿದ ಕೂಡಲೇ ಬಿಳಿ ಹೊಗೆ ಏಳುತ್ತದಲ್ಲ, ಅದು ತಣ್ಣಗಾಗುತ್ತಿರುವ ಮೇಣದ ಆವಿ. ಉರಿಯುವ ಕಡ್ಡಿಯನ್ನು ಬತ್ತಿಗೆ ತಾಗಿಸದೆ ಸುಮ್ನೆ ಆ ಹೊಗೆಗೆ ಹಿಡಿಯಿರಿ, ಬೆಂಕಿ ಹೊಗೆಯ ದಾರಿಯಲ್ಲೇ ಇಳಿದು ಬತ್ತಿ ಹತ್ತಿಕೊಳ್ಳುತ್ತದೆ. 1860ರ ಕೊನೆಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೆಲ್ ಫ್ಯಾರಡೆ ಮೇಣದಬತ್ತಿಯ ಮೇಲೆ ಮಕ್ಕಳಿಗೆ ಸಾಲು ಉಪನ್ಯಾಸ ಕೊಟ್ಟಾಗ ಇದನ್ನೂ ಮಾಡಿ ತೋರಿಸಿದ್ದರು. ಇವತ್ತಿಗೂ ನನಗೆ ಇದಕ್ಕಿಂತ ಚೆಂದದ ಪ್ರಯೋಗ ಗೊತ್ತಿಲ್ಲ. ಮಕ್ಕಳ ಜೊತೆ ದೊಡ್ಡವರೊಬ್ಬರು ಇರಲಿ.

ಕಟ್ಟಿಗೆಯೂ ಮೊದಲು ಹೀಗೇ. ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಬಿಸಿಯಾದಾಗ ಅದು ಒಳಗಿಂದ ಉರಿಯುವ ಅನಿಲ ಬಿಡುತ್ತದೆ. ತೆಳ್ಳಗಿನ ತೆಂಗಿನ ಗರಿ ಬೇಗ ಆ ಬಿಸಿ ಮುಟ್ಟುತ್ತದೆ, ದಪ್ಪ ಕೊರಡು ಒಂದು ಕಡ್ಡಿಗೆ ಜಗ್ಗುವುದಿಲ್ಲ. ಅನಿಲ ಮುಗಿದ ಮೇಲೆ ಉಳಿಯುವುದು ಕೆಂಡ. ಅದು ಆವಿಯಾಗದೆ ಮೈಮೇಲೆಯೇ ಉರಿಯುತ್ತದೆ. ಊದಿದರೆ ಬೂದಿ ಹಾರುತ್ತದೆ, ಆಮ್ಲಜನಕ ಜಾಸ್ತಿ ಸಿಗುತ್ತದೆ, ಕೆಂಡ ಮಾತ್ರ ಇದ್ದಲ್ಲೇ ಇರುತ್ತದೆ. ಅದರ ಕಾವಿಗೆ ಮೇಲಿಟ್ಟ ಪುಳ್ಳೆ ಅನಿಲ ಬಿಟ್ಟು ಭಗ್ ಅಂತ ಹತ್ತುತ್ತದೆ.

ಪ್ರಶ್ನೆ: ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು ಅಂತಾರೆ. ನೀರಿಗೆ ಆರದ ಬೆಂಕಿ ಉಂಟೇ?
(ಪುತ್ತೂರಿನ ಓದುಗರು)

ಉತ್ತರ: ಖಂಡಿತ ಹಾಕಬೇಡಿ. ನೀರು ಎಣ್ಣೆಗಿಂತ ಭಾರ, ತಳಕ್ಕೆ ಇಳಿಯುತ್ತದೆ. ಹತ್ತಿ ಉರಿಯುವ ಎಣ್ಣೆ 300 ಡಿಗ್ರಿ ದಾಟಿರುತ್ತದೆ, ನೀರು 100ಕ್ಕೇ ಕುದಿಯುತ್ತದೆ. ಇಳಿದ ನೀರು ಕ್ಷಣದಲ್ಲಿ ಸುಮಾರು 1,700 ಪಟ್ಟು ಹಿಗ್ಗಿ ಹಬೆಯಾಗಿ, ಎಣ್ಣೆಯನ್ನು ಸಣ್ಣ ಸಣ್ಣ ಹನಿ ಮಾಡಿ ಮೇಲಕ್ಕೆ ಚಿಮ್ಮುತ್ತದೆ. ಒಂದೊಂದು ಹನಿಗೂ ಸುತ್ತ ಗಾಳಿ ಸಿಕ್ಕಿ, ಬಾಣಲೆಯೊಳಗಿದ್ದ ಬೆಂಕಿ ಸೂರಿನವರೆಗೆ ಏಳುತ್ತದೆ. ಒಲೆ ಆರಿಸಿ, ಅಗಲವಾದ ತಟ್ಟೆ ಮುಚ್ಚಿ. ಗಾಳಿ ಸಿಗದೆ ಬೆಂಕಿ ಸಾಯುತ್ತದೆ. ಆರಿತೇ ಅಂತ ಬೇಗ ತೆರೆಯಬೇಡಿ, ಎಣ್ಣೆ ಇನ್ನೂ ಕಾದಿದ್ದರೆ ಗಾಳಿ ಸಿಕ್ಕಿದ್ದೇ ಮತ್ತೆ ಹತ್ತುತ್ತದೆ. ಬಾಣಲೆ ಎತ್ತಿಕೊಂಡು ಹೊರಗೆ ಓಡಬೇಡಿ, ದಯವಿಟ್ಟು.

ಪ್ರಶ್ನೆ: 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದನ್ನು ಮರೆಯಲಾಗುತ್ತಿಲ್ಲ. ಗುಡ್ಡದ ಬುಡದ ಬೆಂಕಿ ನೆತ್ತಿಗೆ ಅಷ್ಟು ಬೇಗ ಹೇಗೆ ಹೋಗುತ್ತದೆ?
(ಗುಂಡ್ಲುಪೇಟೆಯ ಓದುಗರು)

ಉತ್ತರ: ಬಿಸಿ ಗಾಳಿ ಮೇಲಕ್ಕೇ ಹೋಗುತ್ತದೆ. ಇಳಿಜಾರಿನಲ್ಲಿ ಉರಿ ಮೇಲಿನ ಹುಲ್ಲಿನ ಕಡೆ ಬಾಗುತ್ತದೆ, ಬೆಂಕಿ ಮುಟ್ಟುವ ಮೊದಲೇ ಆ ಹುಲ್ಲು ಒಣಗಿ, ಕಾದು, ಅನಿಲ ಬಿಡಲು ಶುರುಮಾಡಿರುತ್ತದೆ. ಇಳಿಜಾರು 10 ಡಿಗ್ರಿ ಜಾಸ್ತಿಯಾದರೆ ವೇಗ ಹೆಚ್ಚುಕಮ್ಮಿ ಎರಡು ಪಟ್ಟು ಎಂಬುದು ಕಾಡಿನ ಬೆಂಕಿ ಆರಿಸುವವರ ಲೆಕ್ಕ. ಅದಕ್ಕೇ ಬೆಂಕಿಗಿಂತ ಮೇಲೆ ನಿಲ್ಲುವುದು ಬಹಳ ಅಪಾಯ. ಬಂಡೀಪುರದ ಕಾಡು ಎಲೆ ಉದುರಿಸುವ ಕಾಡು, ಬೇಸಿಗೆಗೆ ನೆಲವೆಲ್ಲ ತರಗೆಲೆ, ಮೇಲೆ ಒಣಗಿದ ಲಂಟಾನದ ಪೊದೆ. ನೆಲದ ಬೆಂಕಿಗೆ ಮರ ಹತ್ತಲು ಅದೇ ಏಣಿ.

ಬೇಸಿಗೆಗೆ ಮುಂಚೆ ಅರಣ್ಯ ಇಲಾಖೆಯವರು ಹುಲ್ಲು, ತರಗು ತೆಗೆದು ಬೆಂಕಿ ರೇಖೆ ಮಾಡುತ್ತಾರೆ. ಉರಿಯಲು ಏನೂ ಇಲ್ಲದ ಪಟ್ಟಿ ಅದು. ಜೋರು ಗಾಳಿ ಇದ್ದರೆ ಕಿಡಿ ಆ ರೇಖೆಯನ್ನೂ ದಾಟಿ ಬೀಳುತ್ತದೆ. ಉರಿ ನಿಂತ ಮೇಲೂ ಬಿದ್ದ ದಿಮ್ಮಿಗಳನ್ನು ಕಾಯಲೇಬೇಕು. ಒಳಗೆ ದಿನಗಟ್ಟಲೆ ಕೆಂಡ ಇರುತ್ತದೆ, ಒಂದು ಮಧ್ಯಾಹ್ನ ಗಾಳಿ ಬೀಸಿದರೆ ಊದುಗೊಳವೆ ಹಿಡಿದ ಹಾಗೇ ಆಗುತ್ತದೆ.