ಮೇಲಿನ ಮನೆಯ ಕೂಲರ್, ಕೆಳಗಿನ ಮನೆಯ ನಿದ್ದೆ

ಓದುಗರ ಪತ್ರದ ಸಾರ: ನಾನು ನಿವೃತ್ತ ಶಿಕ್ಷಕ, ರಾಯಚೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೇನೆ. ಮೇಲಿನ ಮನೆಯವರ ಕೂಲರ್ ರಾತ್ರಿಯಿಡೀ ಗುಡುಗುತ್ತದೆ. ಅದರ ನೀರು ನಮ್ಮ ಕಿಟಕಿಗೆ ಸೋರುತ್ತದೆ. ಆ ಮನೆಯ ಯಜಮಾನರು ಶಕ್ತಿನಗರಕ್ಕೆ ಪಾಳಿಗೆ ಹೋಗುವವರು, ಹೊತ್ತಲ್ಲದ ಹೊತ್ತಿನಲ್ಲಿ ಕುರ್ಚಿ ಎಳೆಯುತ್ತಾರೆ. ವಿಡಿಯೊ ಮಾಡಿ ನಿವಾಸಿಗಳ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಅಂದಿನಿಂದ ಅವರು ಮುಖ ತಿರುಗಿಸಿದ್ದಾರೆ. ನಾನಾದರೋ ಬೆಳಗಿನ ಐದಕ್ಕೆ ಎದ್ದು ಸ್ಪೀಕರಿನಲ್ಲಿ ದಾಸರ ಪದ ಹಾಕಿಕೊಂಡು ನನ್ನ ಪಾಡಿಗೆ ಇರುವವನು. ತಾರಸಿಯ ಕೀಲಿ ನನ್ನ ಬಳಿ ಇರುವುದಕ್ಕೂ ಈಗ ಆಕ್ಷೇಪ ಎದ್ದಿದೆ. ಪೊಲೀಸರಿಗೆ ದೂರು ಕೊಡಲೇ?

ಸಂಪಾದಕರ ಉತ್ತರ:

ಕೊಡಬಹುದು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬೆಲ್ ಮಿತಿ. ಸದ್ದು ಅದನ್ನು 10 ಡೆಸಿಬೆಲ್ ಅಥವಾ ಹೆಚ್ಚು ಮೀರಿದರೆ ದೂರು ಕೊಡಲು ಅವಕಾಶವಿದೆ. ಆದರೆ ಅದೇ ನಿಯಮದಲ್ಲಿ ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರರವರೆಗೆ. ನಿಮ್ಮ ಐದು ಗಂಟೆಯ ದಾಸರ ಪದವೂ ಆ ರಾತ್ರಿಯೊಳಗೇ ಬರುತ್ತದೆ. ಮಾನ್ವಿಯ ಜಗನ್ನಾಥದಾಸರ ಜಿಲ್ಲೆಯವರಿಗೆ ಇದನ್ನು ಹೇಳಲು ಸಂಕೋಚವೇ. ಏನು ಮಾಡುವುದು, ಸದ್ದು ಅಳೆಯುವ ಯಂತ್ರಕ್ಕೆ ಭಕ್ತಿ ಕೇಳಿಸುವುದಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಪಾಳಿಗೆ ಹೋಗುವವರು’ ಎಂಬ ಮಾತು. ನೀವು ಅದನ್ನು ದೂರಿನ ನಡುವೆ ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ. ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಸಿ ವಿದ್ಯುತ್ ಮಾಡುತ್ತಿದ್ದಾರೆ. ಅಂಥ ಬಾಯ್ಲರುಗಳನ್ನು ಸಂಜೆಗೆ ಆರಿಸಿ ಬೆಳಗ್ಗೆ ಹೊತ್ತಿಸಲು ಬರುವುದಿಲ್ಲ, ಯಾರಾದರೂ ಎಚ್ಚರವಿರಲೇಬೇಕು. ನಡುರಾತ್ರಿಗೆ ಮನೆ ಸೇರಿ ಉಂಡು ಮಲಗುವವರಿಗೆ ನಿಮ್ಮ ಬ್ರಾಹ್ಮೀ ಮುಹೂರ್ತ ಗಾಢ ನಿದ್ದೆಯ ಹೊತ್ತು. ಅವರು ನಿಮ್ಮ ಮೇಲೆ ವಿಡಿಯೊ ಮಾಡಿಲ್ಲ ಎಂಬುದನ್ನೂ ಗಮನಿಸಿ.

ಇನ್ನು ಕೂಲರ್. ನಮ್ಮ ಕಡೆಯ ಒಣ ಬಿಸಿಲಿಗೆ ಅದು ಹೇಳಿ ಮಾಡಿಸಿದ ಯಂತ್ರ: ಗಾಳಿ ಒಣಗಿದಷ್ಟೂ ನೀರು ಬೇಗ ಆರುತ್ತದೆ, ಕೋಣೆ ತಂಪಾಗುತ್ತದೆ. ಒಂದೇ ತೊಡಕೆಂದರೆ ತೇವದ ಗಾಳಿ ಹೊರಗೆ ಹೋಗಲು ಕಿಟಕಿ ತೆರೆದಿರಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಇಡೀ ಕಟ್ಟಡ ಕಿಟಕಿ ತೆರೆದು ಮಲಗುತ್ತದೆ, ಎಲ್ಲರ ಸದ್ದೂ ಎಲ್ಲರ ಮನೆಗೆ. ಆದರೆ ನೀವು ಬರೆದಿರುವ ಗುಡುಗು ಗಾಳಿಯಲ್ಲಿ ಬರುವ ಸದ್ದಲ್ಲ ಎನಿಸುತ್ತದೆ. ಕೂಲರಿನ ತಗಡು ಕಿಟಕಿಯ ಸರಳಿಗೆ ತಾಗಿದ್ದರೆ ಅದರ ನಡುಕ ಗೋಡೆಗೆ ಇಳಿದು ಕೆಳಗಿನ ಮನೆಯಲ್ಲಿ ಮೊಳಗುತ್ತದೆ. ಕುರ್ಚಿಯದೂ ಇದೇ ಕಥೆ. ಎಳೆದವರಿಗೆ ಅದು ‘ಕಿರ್’ ಎಂಬಷ್ಟೇ ಸದ್ದು, ಕಾಂಕ್ರೀಟ್ ಚಾವಣಿಯ ಕೆಳಗಿರುವವರ ನೆತ್ತಿಗೆ ಅದೇ ಪೆಟ್ಟು. ಮೇಲಿನವರಿಗೆ ಇದು ಗೊತ್ತಾಗುವ ದಾರಿಯೇ ಇಲ್ಲ, ಕೆಳಗಿನವರು ಹೋಗಿ ಹೇಳುವ ತನಕ.

ನೀವು ಹೇಳಿದಿರಿ, ನಿಜ. ಆದರೆ ಅವರಿಗೆ ಹೇಳುವ ಮೊದಲು ಊರಿಗೆ ಹೇಳಿದಿರಿ. ನನ್ನ ತಕರಾರು ಇರುವುದು ಅಲ್ಲಿ. ಹದಿನೈದು ಮೆಟ್ಟಿಲು ಹತ್ತಿದರೆ ಮುಗಿಯುತ್ತಿದ್ದ ಮಾತಿಗೆ ಇಡೀ ಕಟ್ಟಡವನ್ನು ಸಾಕ್ಷಿಗೆ ಕರೆದರೆ, ಎದುರಿನವರು ಕೂಲರನ್ನು ಮರೆತು ಮಾನ ಉಳಿಸಿಕೊಳ್ಳಲು ನಿಲ್ಲುತ್ತಾರೆ. ಹಳೆಯ ಮಾಳಿಗೆ ಮನೆಗಳ ಓಣಿಯಲ್ಲಿ ಎಲ್ಲರೂ ಹೊಂದಿಕೊಂಡು ಬಾಳಿದರು ಎಂದು ನಾನೇನೂ ಹಾಡಿ ಹೊಗಳುವುದಿಲ್ಲ. ಬಚ್ಚಲ ನೀರಿನ ಜಗಳಗಳು ಅಲ್ಲಿ ತಲೆಮಾರುಗಟ್ಟಲೆ ನಡೆದಿವೆ. ಆದರೂ ಅಲ್ಲಿ ಬೈಯುವವರು ಎದುರಿಗೆ ನಿಂತು ಬೈಯುತ್ತಿದ್ದರು, ಉತ್ತರವನ್ನೂ ಅಲ್ಲೇ ಕೇಳಿಸಿಕೊಳ್ಳುತ್ತಿದ್ದರು.

ಈಗಲೂ ಹೊತ್ತು ಮೀರಿಲ್ಲ. ಆ ವಿಡಿಯೊ ಅಳಿಸಿ. ಅಳಿಸಲು ಬಾರದಿದ್ದರೆ, ‘ಇದನ್ನು ಅವರೊಂದಿಗೇ ಮಾತಾಡುತ್ತೇನೆ’ ಎಂದು ಗುಂಪಿನಲ್ಲಿ ಒಂದು ಸಾಲು ಬರೆಯಿರಿ. ಅವರ ರಜೆಯ ದಿನ ತಿಳಿದುಕೊಂಡು ಸಂಜೆ ಮೇಲೆ ಹೋಗಿ. ಕೆಳಗೆ ಕರೆತಂದು ಸದ್ದು ಕೇಳಿಸಿದರೆ ಇನ್ನೂ ಒಳ್ಳೆಯದು. ಕೂಲರಿಗೂ ಸರಳಿಗೂ ನಡುವೆ ಒಂದು ಬೆರಳಿನಷ್ಟು ಜಾಗ, ಸ್ಟ್ಯಾಂಡಿನ ಕಾಲಿಗೆ ರಬ್ಬರು, ಕುರ್ಚಿಯ ಕಾಲಿಗೆ ಬುಷ್: ಇಷ್ಟಕ್ಕೆ ದೊಡ್ಡ ಖರ್ಚಿಲ್ಲ. ಸೋರುವುದಕ್ಕೆ ಬಹುಶಃ ಕೂಲರ್ ತುಂಬಿದಾಗ ನೀರನ್ನು ತಡೆಯುವ ಒಳಗಿನ ಫ್ಲೋಟ್ ಕೆಟ್ಟಿರಬೇಕು. ಅದು ಅವರಿಗೂ ನಷ್ಟವೇ. ಕೃಷ್ಣೆ ತುಂಗಭದ್ರೆಯರ ನಡುವೆ ಇದ್ದೂ ಬೇಸಿಗೆಯಲ್ಲಿ ನಳದ ದಾರಿ ಕಾಯುವ ನಾವು ಎಲ್ಲರ ಟ್ಯಾಂಕಿನ ನೀರನ್ನು ಕಿಟಕಿಯ ಮೇಲೆ ಸುರಿಯುವಂತಿಲ್ಲ. ನಿಮ್ಮ ಕಡೆಯಿಂದ ಸ್ಪೀಕರ್ ಆರು ಗಂಟೆಯ ನಂತರ, ಅದೂ ಮೆಲ್ಲಗೆ. ಇದನ್ನು ಅವರು ಕೇಳುವ ಮುಂಚೆ ನೀವೇ ಹೇಳಿ.

ಇಷ್ಟಾದ ಮೇಲೂ ಕೂಲರ್ ಗುಡುಗಿದರೆ ನಿವಾಸಿಗಳ ಸಂಘಕ್ಕೆ ಬರೆದು ಕೊಡಿ. ಠಾಣೆಯ ಮೆಟ್ಟಿಲು ಅದರ ನಂತರ.

ತಾರಸಿಯ ಕೀಲಿಯ ವಿಷಯದಲ್ಲಿ ಆಕ್ಷೇಪ ಎತ್ತಿದವರೇ ಸರಿ. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972 ಚಾವಣಿಯನ್ನು ಎಲ್ಲರಿಗೂ ಸೇರಿದ ಭಾಗಗಳಲ್ಲಿ ಎಣಿಸಿದೆ. ಸಂಡಿಗೆ ಒಣಗಿಸುವವರು ನಿಮ್ಮ ಬಾಗಿಲು ತಟ್ಟಬೇಕಾದ ಅಗತ್ಯವಿಲ್ಲ. ಮನೆಗೊಂದು ಕೀಲಿ ಮಾಡಿಸಿ ಕೊಟ್ಟುಬಿಡಿ.